ಗವಿಯ ಹುಡುಗಿಗೆ ಗಂಡು ಎಲ್ಲಿಂದ ಬರಬೇಕು?

ಸೈಬೀರಿಯಾದ ದಕ್ಷಿಣಕ್ಕೆ ಅಲ್ತಾಯ್ ಬೆಟ್ಟಗಳಿವೆ. ಅಲ್ಲಿ ಒಂದು ನದಿಯ ಪಕ್ಕ ಚಗೀರ್ಸ್ಕಾಯಾ ಎಂಬ ಗವಿ ಇದೆ. ಸುಮಾರು 54 ಸಾವಿರ ವರ್ಷಗಳ ಹಿಂದೆ ಆ ಗವಿಯಲ್ಲಿ ಒಬ್ಬ ಅಪ್ಪ ಇದ್ದ. ಅವನಿಗೆ ಹದಿಹರೆಯದ ಮಗಳಿದ್ದಳು. ಇಬ್ಬರೂ ನಿಯಾಂಡರ್ತಾಲರು. ಅಂದರೆ ನಮ್ಮ ಹಾಗೇ ಎರಡು ಕಾಲಲ್ಲಿ ನಡೆಯುವ, ಬೆಂಕಿ ಬಳಸುವ, ಕಲ್ಲಿನ ಹತ್ಯಾರು ಮಾಡುವ, ಆದರೆ ನಮಗಿಂತ ಬೇರೆಯಾದ ಇನ್ನೊಂದು ಮನುಷ್ಯ ಕವಲು.

ಅವರು ಅಪ್ಪ ಮಗಳು ಎಂದು ಗೊತ್ತಾಗಿದ್ದು ಎಲುಬು ಮತ್ತು ಹಲ್ಲಿನ ಚೂರುಗಳಲ್ಲಿ ಉಳಿದಿದ್ದ ಡಿಎನ್‌ಎಯಿಂದ. 2022ರ ಅಕ್ಟೋಬರ್‌ನಲ್ಲಿ ಈ ಅಧ್ಯಯನ ಪ್ರಕಟವಾಯಿತು. ಅದರ ಹಿಂದಿದ್ದ ತಂಡದಲ್ಲಿ ಹಳೆಯ ಡಿಎನ್‌ಎ ಓದುವುದಕ್ಕೆ ಹೆಸರಾದ ವಿಜ್ಞಾನಿ ಸ್ವಾಂಟೆ ಪೇಬೊ ಕೂಡ ಇದ್ದರು. ಅದೇ ತಿಂಗಳ ಮೊದಲ ವಾರ ಅವರಿಗೆ ನೊಬೆಲ್ ಬಹುಮಾನ ಘೋಷಣೆಯಾಗಿತ್ತು. ಈ ಗವಿಯಿಂದ 11 ಜನ, ಹತ್ತಿರದ ಓಕ್ಲಾದ್ನಿಕೋವ್ ಗವಿಯಿಂದ 2 ಜನ, ಒಟ್ಟು 13 ಜನರ ಡಿಎನ್‌ಎ ಓದಲಾಯಿತು. ಅಪ್ಪ ಮಗಳ ಜೊತೆಗೆ ಒಬ್ಬ ಚಿಕ್ಕ ಹುಡುಗ ಮತ್ತು ಅವನ ಹತ್ತಿರದ ನೆಂಟಳಾದ ಒಬ್ಬ ಹೆಂಗಸೂ ಸಿಕ್ಕರು. ಅತ್ತೆಯೋ ಚಿಕ್ಕಮ್ಮನೋ ಅಜ್ಜಿಯೋ ಇರಬಹುದು. ನಿಯಾಂಡರ್ತಾಲರ ಒಂದು ಮನೆಮಂದಿಯನ್ನು ಹೀಗೆ ಒಟ್ಟಿಗೆ ನೋಡಿದ್ದು ಅದೇ ಮೊದಲು.

ಇದನ್ನು ಓದಿದಾಗ ನನ್ನ ತಲೆಗೆ ಬಂದಿದ್ದು ತೀರ ಮನೆಮಾತಿನ ಪ್ರಶ್ನೆ. ಈ ಹುಡುಗಿಗೆ ಗಂಡು ಎಲ್ಲಿಂದ ಬರಬೇಕಿತ್ತು?

ಸುಮ್ನೆ ಕೇಳಿದ್ದಲ್ಲ. ಅಧ್ಯಯನದ ಲೆಕ್ಕದ ಪ್ರಕಾರ ಅಲ್ಲಿನ ಒಂದು ಗುಂಪಿನಲ್ಲಿ ಇದ್ದಿದ್ದು ಹತ್ತರಿಂದ ಇಪ್ಪತ್ತು ಜನ. ಇಪ್ಪತ್ತು ಎಂದೇ ಇಟ್ಟುಕೊಳ್ಳೋಣ. ಅದರಲ್ಲಿ ಹತ್ತು ಗಂಡಸರು. ಹತ್ತರಲ್ಲಿ ನಾಲ್ಕೈದು ಚಿಕ್ಕ ಮಕ್ಕಳು. ಒಬ್ಬ ಅವಳ ಅಪ್ಪ. ಒಬ್ಬಿಬ್ಬರು ಚಿಕ್ಕಪ್ಪ ದೊಡ್ಡಪ್ಪಂದಿರು. ಒಬ್ಬ ಅಣ್ಣ. ಒಬ್ಬ ವಯಸ್ಸಾದವನು. ಇಷ್ಟು ಕಳೆದ ಮೇಲೆ ಎಷ್ಟು ಉಳಿಯಿತು? ಒಬ್ಬ ಉಳಿದರೆ ಪುಣ್ಯ. ಎಷ್ಟೋ ಸಲ ಒಬ್ಬನೂ ಉಳಿಯುವುದಿಲ್ಲ.

ಆ ಕಾಲದ ಬದುಕು ಅಂದ ತಕ್ಷಣ ನಾವು ಚಳಿ, ಹಸಿವು, ಕಾಡುಮೃಗ ಇಷ್ಟನ್ನೇ ನೆನೆಯುತ್ತೇವೆ. ಅವೆಲ್ಲ ಇದ್ದವು. ಆದರೆ ಬೇಟೆ ಚೆನ್ನಾಗಿ ಸಿಕ್ಕಿ, ಗವಿ ಬೆಚ್ಚಗಿದ್ದು, ಹುಲಿ ಸಿಂಹ ಹತ್ತಿರ ಸುಳಿಯದಿದ್ದರೂ ಒಂದು ಗುಂಪು ನಾಲ್ಕಾರು ತಲೆಮಾರುಗಳಲ್ಲಿ ಸೊರಗಿ ಹೋಗಬಹುದಿತ್ತು. ಅದರ ಮಕ್ಕಳಿಗೆ ಹೊರಗೆ ಜೋಡಿ ಸಿಗದಿದ್ದರೆ ಸಾಕಿತ್ತು. ಹರೆಯದವರ ಪ್ರೀತಿ ಆಗ ಬದುಕಿನ ಒಗ್ಗರಣೆಯಾಗಿರಲಿಲ್ಲ, ಉಳಿಯುವ ದಾರಿಯೇ ಆಗಿತ್ತು.

ಯಾಕೆ ಅಂತ ನೋಡೋಣ. ನಮ್ಮ ದೇಹದ ಹೆಚ್ಚುಕಮ್ಮಿ ಪ್ರತಿ ಜೀನ್‌ಗೂ ಎರಡು ಪ್ರತಿಗಳಿವೆ. ಒಂದು ಅಮ್ಮನದು, ಒಂದು ಅಪ್ಪನದು. ಶಾಲೆಯ ನೋಟ್‌ಬುಕ್ ನೆನಪಿಸಿಕೊಳ್ಳಿ. ಒಂದೇ ಪಾಠದ ಎರಡು ನೋಟ್ಸ್ ನಿಮ್ಮ ಹತ್ತಿರ ಇವೆ. ಒಂದರಲ್ಲಿ ಏಳನೇ ಪುಟ ಹರಿದಿದ್ದರೂ ಇನ್ನೊಂದರಲ್ಲಿ ಅದು ಇರುತ್ತದೆ, ಪರೀಕ್ಷೆ ದಾಟುತ್ತದೆ. ಆದರೆ ಎರಡನ್ನೂ ಒಂದೇ ಹಳೇ ನೋಟ್ಸ್ ನೋಡಿ ಬರೆದಿದ್ದರೆ? ಎರಡರಲ್ಲೂ ಏಳನೇ ಪುಟ ಇಲ್ಲ. ಹತ್ತಿರದ ನೆಂಟರ ಮಗುವಿಗೆ ಆಗುವ ತೊಂದರೆ ಇದೇ. ಅಪ್ಪ ಅಮ್ಮ ಇಬ್ಬರೂ ಒಬ್ಬಳೇ ಅಜ್ಜಿಯಿಂದ ಪಡೆದ ಅದೇ ಕೆಟ್ಟ ಪ್ರತಿಯನ್ನು ಮಗುವಿಗೆ ಕೊಡಬಹುದು.

ಇದಕ್ಕೊಂದು ಅಳತೆಯೂ ಇದೆ. ಅತ್ತೆ ಮಗ, ಮಾವನ ಮಗಳು ಮದುವೆಯಾದರೆ ಅವರ ಮಗುವಿನ ಡಿಎನ್‌ಎಯಲ್ಲಿ ಸರಾಸರಿ 16ರಲ್ಲಿ ಒಂದು ಭಾಗದಲ್ಲಿ ಎರಡೂ ಪ್ರತಿಗಳು ತದ್ರೂಪ ಆಗಿರುತ್ತವೆ. ಸೋದರಮಾವ ಅಕ್ಕನ ಮಗಳನ್ನು ಮದುವೆಯಾದರೆ 8ರಲ್ಲಿ ಒಂದು ಭಾಗ. ನಮ್ಮ ಕಡೆ ಇವೆರಡೂ ಹೊಸ ವಿಷಯವಲ್ಲ. ನನ್ನ ಅಜ್ಜಿ ಮದುವೆಯಾಗಿದ್ದು ತನ್ನ ಸೋದರಮಾವನನ್ನೇ. ಹಾಗಾಗಿ ಹಳೆಯ ಡಿಎನ್‌ಎ ಬಗ್ಗೆ ಓದುವಾಗ ಈ 8ರಲ್ಲಿ ಒಂದು ಅನ್ನುವ ಲೆಕ್ಕ ನನಗೆ ದೂರದ್ದು ಅನ್ನಿಸುವುದಿಲ್ಲ. ನಮ್ಮಲ್ಲಿ ಒಂದು ತಲೆಮಾರಿನಲ್ಲಿ ಹೀಗಾದರೂ ಮುಂದಿನ ತಲೆಮಾರಿಗೆ ಹೊರಗಿನ ಸಂಬಂಧ ಸಿಗುತ್ತದೆ. ಸುತ್ತ ಲಕ್ಷಾಂತರ ಜನ ಇದ್ದಾರೆ. ಇಪ್ಪತ್ತು ಜನರ ಗುಂಪಿಗೆ ಆ ಅನುಕೂಲ ಇಲ್ಲ.

ಅದೇ ಅಲ್ತಾಯ್‌ನಲ್ಲಿ, ಚಗೀರ್ಸ್ಕಾಯಾದಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಡೆನಿಸೋವಾ ಎಂಬ ಇನ್ನೊಂದು ಗವಿ ಇದೆ. ಅಲ್ಲಿ 2010ರಲ್ಲಿ ಕಾಲ್ಬೆರಳಿನ ಒಂದು ಎಲುಬು ಸಿಕ್ಕಿತು. ಅದು ಒಬ್ಬ ನಿಯಾಂಡರ್ತಾಲ್ ಹೆಂಗಸಿನದು. ಅವಳು ಬದುಕಿದ್ದು ಒಂದು ಲಕ್ಷ ವರ್ಷಕ್ಕೂ ಹಿಂದೆ. ಅವಳ ಡಿಎನ್‌ಎಯಲ್ಲಿ ಉದ್ದುದ್ದಕ್ಕೆ ಎರಡೂ ಪ್ರತಿಗಳು ಒಂದೇ ಆಗಿದ್ದವು. ಅಳೆದು ನೋಡಿದರೆ ಅದೇ 8ರಲ್ಲಿ ಒಂದು. ಅವಳ ಅಪ್ಪ ಅಮ್ಮ ಒಂದೇ ತಾಯಿಯ, ಬೇರೆ ತಂದೆಯರ ಮಕ್ಕಳಾಗಿರಬಹುದು. ಇಲ್ಲವೇ ಸೋದರಮಾವ ಅಕ್ಕನ ಮಗಳೋ ಅಂಥದ್ದೇ ಇನ್ನೊಂದು ಹತ್ತಿರದ ನಂಟೋ ಇರಬಹುದು. ಇದು ಅವರ ಪದ್ಧತಿಯೇ ಆಗಿತ್ತು ಎನ್ನಲು ಆಗುವುದಿಲ್ಲ. ಬೇರೆ ಯಾರೂ ಇರಲಿಲ್ಲ ಅನ್ನುವುದೇ ನನಗೆ ಹೆಚ್ಚು ನಿಜ ಅನ್ನಿಸುತ್ತದೆ.

ಮತ್ತೆ ನಮ್ಮ ಹುಡುಗಿಯ ಗವಿಗೆ ಬರೋಣ. ಅಲ್ಲಿ ಡಿಎನ್‌ಎ ಇನ್ನೊಂದು ಗುಟ್ಟು ಹೇಳಿತು. ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ. ಮೈಟೋಕಾಂಡ್ರಿಯಾ ಎಂಬ ಪುಟ್ಟ ಭಾಗದ ಡಿಎನ್‌ಎ ಅಮ್ಮನಿಂದ ಮಾತ್ರ ಬರುತ್ತದೆ. ಈ ಗುಂಪಿನ ಗಂಡಸರ ವೈ ಕ್ರೋಮೋಸೋಮ್‌ಗಳು ಒಂದಕ್ಕೊಂದು ತುಂಬಾ ಹತ್ತಿರ ಇದ್ದವು. ಅಮ್ಮಂದಿರ ಕಡೆಯದರಲ್ಲಿ ಮಾತ್ರ ವ್ಯತ್ಯಾಸ ಜಾಸ್ತಿ ಇತ್ತು. ಇದರ ಅರ್ಥ ಸರಳ. ಗಂಡುಮಕ್ಕಳು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತಿದ್ದರು, ಹೆಣ್ಣುಮಕ್ಕಳು ಬೇರೆ ಗುಂಪಿನಿಂದ ಬರುತ್ತಿದ್ದರು. ಲೆಕ್ಕ ಹಾಕಿದಾಗ, ಹೆಂಗಸರಲ್ಲಿ ಕನಿಷ್ಠ ನೂರಕ್ಕೆ ಅರವತ್ತು ಜನ ಹೊರಗಿನಿಂದ ಬಂದವರು ಎಂದುಕೊಂಡರೆ ಈ ವ್ಯತ್ಯಾಸ ಚೆನ್ನಾಗಿ ಹೊಂದುತ್ತದೆ.

ಅಂದರೆ ತವರು ಬಿಟ್ಟು ಹೋಗುವುದು ಅಷ್ಟು ಹಳೆಯದು. ಊರು, ಹೊಲ, ಮನೆ, ಜಾತಿ ಯಾವುದೂ ಇಲ್ಲದ ಕಾಲದಲ್ಲೂ ಒಬ್ಬ ಹುಡುಗಿ ತಾನು ಬೆಳೆದ ಬೆಂಕಿಯ ಪಕ್ಕದಿಂದ ಎದ್ದು, ಕಣಿವೆ ದಾಟಿ, ಬೇರೆ ಬೆಂಕಿಯ ಪಕ್ಕ ಹೋಗಿ ಕೂತಳು. ಅವಳ ಜೊತೆ ಬೇರೆ ಡಿಎನ್‌ಎ ಬಂತು. ಯಾವ ಸೊಪ್ಪು ತಿನ್ನಬಹುದು, ಯಾವ ಕಣಿವೆಯಲ್ಲಿ ಚಳಿಗಾಲಕ್ಕೆ ಕಾಡೆಮ್ಮೆ ಇಳಿಯುತ್ತದೆ ಎಂಬ ತಿಳಿವಳಿಕೆಯೂ ಬಂದಿರಬೇಕು.

ಈ ಕೊಡುಕೊಳ್ಳುವಿಕೆ ನಿಂತರೆ ಏನಾಗುತ್ತದೆ? ಫ್ರಾನ್ಸಿನ ಮಾಂದ್ರಿನ್ ಗವಿಯಲ್ಲಿ ಸಿಕ್ಕ ಒಬ್ಬ ನಿಯಾಂಡರ್ತಾಲ್ ಗಂಡಸಿಗೆ ಸಂಶೋಧಕರು ಥೋರಿನ್ ಎಂದು ಹೆಸರಿಟ್ಟಿದ್ದಾರೆ. ಅವನು ನಿಯಾಂಡರ್ತಾಲರ ಕೊನೆಗಾಲದವನು. 2024ರಲ್ಲಿ ಅವನ ಡಿಎನ್‌ಎ ಅಧ್ಯಯನ ಪ್ರಕಟವಾಯಿತು. ಅವನ ಕುಲ ಸುಮಾರು 50 ಸಾವಿರ ವರ್ಷ ಬೇರೆ ನಿಯಾಂಡರ್ತಾಲರ ಜೊತೆ ಬೆರೆತೇ ಇರಲಿಲ್ಲ. ಬೇರೆ ಗುಂಪುಗಳು ನಡೆದು ಹೋಗಬಹುದಾದ ದೂರದಲ್ಲೇ ಇದ್ದವು. ಆದರೂ ಬೆರೆಯಲಿಲ್ಲ. ಅವನ ಡಿಎನ್‌ಎಯಲ್ಲೂ ಅದೇ ಉದ್ದುದ್ದದ ತದ್ರೂಪ ಪಟ್ಟಿಗಳು. ನಿಯಾಂಡರ್ತಾಲರು ಅಳಿದಿದ್ದು ಇದೊಂದರಿಂದಲೇ ಎಂದು ಯಾರೂ ಹೇಳುವುದಿಲ್ಲ. ಆದರೆ ಇದು ಅವರನ್ನು ಬಲಪಡಿಸಲಿಲ್ಲ ಎನ್ನುವುದಂತೂ ಖಚಿತ.

ಈಗ ನಮ್ಮದೇ ಕವಲಿನವರನ್ನು ನೋಡಿ. ಮಾಸ್ಕೋದಿಂದ ಪೂರ್ವಕ್ಕೆ, ವ್ಲಾದಿಮಿರ್ ಊರಿನ ಹತ್ತಿರ ಸುಂಗೀರ್ ಎಂಬ ಜಾಗ ಇದೆ. ಸುಮಾರು 34 ಸಾವಿರ ವರ್ಷ ಹಳೆಯದು. ಅಲ್ಲಿ ಇಬ್ಬರು ಹುಡುಗರನ್ನು ತಲೆಗೆ ತಲೆ ತಾಗಿಸಿ ಒಂದೇ ಉದ್ದ ಗುಂಡಿಯಲ್ಲಿ ಮಣ್ಣು ಮಾಡಿದ್ದರು. ಮೈಮೇಲೆ ಮ್ಯಾಮತ್ ಎಂಬ, ಈಗ ಅಳಿದುಹೋದ ಆನೆಯ ದಂತದಿಂದ ಕೆತ್ತಿದ ಸಾವಿರಾರು ಮಣಿಗಳು. ನರಿಯ ಹಲ್ಲು ಪೋಣಿಸಿದ ಪಟ್ಟಿ. ಪಕ್ಕದಲ್ಲಿ ದಂತವನ್ನೇ ನೇರ ಮಾಡಿ ಮಾಡಿದ ಉದ್ದನೆಯ ಈಟಿಗಳು. ಒಂದೊಂದು ಮಣಿ ಕೊರೆಯಲು ಎಷ್ಟು ಹೊತ್ತು ಹಿಡಿದಿರಬೇಕು ಎಂದು ನೆನೆದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ಈ ಮಕ್ಕಳು ಯಾರಿಗೋ ತುಂಬಾ ಬೇಕಾಗಿದ್ದವರು.

ಒಂದೇ ಗುಂಡಿಯಲ್ಲಿದ್ದರೆ ಅಣ್ಣತಮ್ಮಂದಿರೇ ಇರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಅಲ್ಲ. 2017ರಲ್ಲಿ ಡಿಎನ್‌ಎ ಓದಿದಾಗ ಅವರಿಬ್ಬರ ನಡುವೆ ಹತ್ತಿರದ ರಕ್ತಸಂಬಂಧವೇ ಕಾಣಲಿಲ್ಲ. ಅಲ್ಲೇ ಮಣ್ಣು ಮಾಡಿದ್ದ ದೊಡ್ಡ ಗಂಡಸಿನ ಜೊತೆಗೂ ಇಲ್ಲ. ಅವರ ಅಪ್ಪ ಅಮ್ಮಂದಿರು ಕೂಡ ತಮ್ಮೊಳಗೆ ಹತ್ತಿರದ ನೆಂಟರಾಗಿರಲಿಲ್ಲ. ಗುಂಪು ಚಿಕ್ಕದೇ. ಆದರೆ ಅದು ಒಂಟಿಯಾಗಿರಲಿಲ್ಲ. ಸುತ್ತಲಿನ ಬೇರೆ ಗುಂಪುಗಳ ಜೊತೆ ಹೆಣ್ಣು ಗಂಡು ಕೊಟ್ಟು ತರುವ ದೊಡ್ಡ ಬಲೆಯೊಳಗೆ ಅದೂ ಒಂದು ಗಂಟಾಗಿತ್ತು.

ಇಂಥ ಬಲೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಇತ್ತೀಚಿನವರೆಗೂ ಬೇಟೆಯಾಡಿ, ಗೆಡ್ಡೆಗೆಣಸು ಅಗೆದು ಬದುಕಿದ ಜನರನ್ನು ನೋಡಬಹುದು. ಅವರು ಶಿಲಾಯುಗದ ಪಳೆಯುಳಿಕೆಗಳಲ್ಲ, ನಮ್ಮ ಕಾಲದವರೇ. ಆದರೆ ಚಿಕ್ಕ ಗುಂಪಿನ ಕಷ್ಟಗಳು ಅವರಿಗೆ ಗೊತ್ತು. ಆಫ್ರಿಕಾದ ಕಲಹಾರಿಯಲ್ಲಿ ಜುನ್‌ಟ್ವಾಸಿ ಎಂಬ ಜನ ಇದ್ದಾರೆ. ಮಳೆಗಾಲದಲ್ಲಿ ಚಿಕ್ಕ ಚಿಕ್ಕ ಗುಂಪುಗಳಾಗಿ ಹರಡಿಕೊಂಡಿರುತ್ತಿದ್ದರು. ನೀರು ಒಣಗಿದಾಗ ಬತ್ತದ ಹೊಂಡಗಳ ಸುತ್ತ ಹಲವು ಗುಂಪುಗಳು ಬಂದು ಸೇರುತ್ತಿದ್ದವು. ರಾತ್ರಿಯಿಡೀ ಕುಣಿತ. ಮಾತುಕತೆ. ಉಡುಗೊರೆ. ಮದುವೆ ಮಾತೂ ಅಲ್ಲೇ. ನಮ್ಮ ಜಾತ್ರೆಯಲ್ಲಿ ಹುಡುಗ ಹುಡುಗಿ ನೋಡಿ, ತೇರು ಎಳೆದು, ಸಂಬಂಧ ಕುದುರಿಸಿ ಮನೆಗೆ ಬರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅವರಲ್ಲಿ ದೂರದ ಗುಂಪಿನವರ ಜೊತೆ ಮಣಿ, ಬಾಣ, ಬಟ್ಟಲು ಕೊಟ್ಟು ತೆಗೆದುಕೊಳ್ಳುವ ಪದ್ಧತಿ ಇತ್ತು. ಇವತ್ತು ಕೊಟ್ಟಿದ್ದಕ್ಕೆ ಇವತ್ತೇ ವಾಪಸ್ ಬೇಕಿಲ್ಲ, ನಂಟು ಉಳಿದರೆ ಸಾಕು. ಒಂದು ವರ್ಷ ನಿಮ್ಮ ಕಡೆ ಮಳೆ ಕೈಕೊಟ್ಟಿತು ಎಂದುಕೊಳ್ಳಿ. ಆಗ ನೂರಾರು ಕಿಲೋಮೀಟರ್ ನಡೆದು ಆ ನೆಂಟರ ಕಡೆ ಹೋಗಬಹುದು. ಅವರು ಇಲ್ಲ ಅನ್ನುವುದಿಲ್ಲ. ಉಗ್ರಾಣ ಇಲ್ಲದವರಿಗೆ ಬೀಗರೇ ಉಗ್ರಾಣ. ‘ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ’ ಅನ್ನುತ್ತೇವೆ ನಾವು. ಅಲ್ಲಿ ಅವೆರಡೂ ಬೇರೆ ಬೇರೆ ಆಗಿರಲಿಲ್ಲ.

ಆಫ್ರಿಕಾದಲ್ಲಿ ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪಿನಿಂದ ಮಾಡಿದ ಮಣಿಗಳ ಬಗ್ಗೆ 2021ರಲ್ಲಿ ಒಂದು ಅಧ್ಯಯನ ಬಂತು. ಸುಮಾರು 50 ಸಾವಿರ ವರ್ಷಗಳ ಹಿಂದೆ, ಮೂರು ಸಾವಿರ ಕಿಲೋಮೀಟರ್ ದೂರದ ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ಜನ ಒಂದೇ ಅಳತೆ, ಒಂದೇ ಬಗೆಯ ಮಣಿ ಮಾಡುತ್ತಿದ್ದರು. ಕೈಯಿಂದ ಕೈಗೆ ದಾಟದೆ ಇದು ಆಗುವ ಕೆಲಸವಲ್ಲ. ಆ ಕೈಗಳ ನಡುವೆ ಎಷ್ಟೋ ಮದುವೆಗಳೂ ನಡೆದಿರಬೇಕು.

ಎಲ್ಲ ಕಡೆ ಹೆಣ್ಣೇ ಹೊರಡಬೇಕು ಎಂದೂ ಇಲ್ಲ. 2011ರಲ್ಲಿ ಇಂಥ 32 ಸಮುದಾಯಗಳನ್ನು ಹೋಲಿಸಿ ನೋಡಿದರು. ಕೆಲವು ಕಡೆ ಹೆಣ್ಣು ಹೋಗುತ್ತಾಳೆ, ಕೆಲವು ಕಡೆ ಗಂಡು ಹೋಗುತ್ತಾನೆ, ಎಷ್ಟೋ ಕಡೆ ಇಬ್ಬರೂ. ಒಂದು ಗುಂಪಿನಲ್ಲಿ ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರು ಎನ್ನುವಷ್ಟು ಹತ್ತಿರದವರು ಹತ್ತನೇ ಒಂದು ಭಾಗವೂ ಇರುವುದಿಲ್ಲ. ಉಳಿದವರಲ್ಲಿ ಎಷ್ಟೋ ಜನ ಮದುವೆಯಿಂದ, ಗೆಳೆತನದಿಂದ ಬಂದವರು. ಸುಂಗೀರ್‌ನ ಗೋರಿ ಹೇಳಿದ್ದೂ ಇದನ್ನೇ.

ಹಾಗಾದರೆ ಪ್ರೀತಿ? ಇಲ್ಲಿ ಎಚ್ಚರ ಬೇಕು. ಗವಿಮಾನವ ಅಂದರೆ ಹೆಣ್ಣಿನ ಜುಟ್ಟು ಹಿಡಿದು ಎಳೆದೊಯ್ಯುವವನು ಅನ್ನುವ ಚಿತ್ರ ನಮ್ಮ ತಲೆಯಲ್ಲಿ ಕೂತಿದೆ. ಅದಕ್ಕೆ ಪುರಾವೆ ಇಲ್ಲ. ಹಾಗಂತ ಎಲ್ಲರೂ ಇಷ್ಟಪಟ್ಟೇ ಹೋದರು ಎನ್ನುವುದಕ್ಕೂ ಇಲ್ಲ. ಹುಡುಗಿ ಬೇರೆ ಗುಂಪಿನಿಂದ ಬಂದಳು ಎಂದು ಡಿಎನ್‌ಎ ಹೇಳುತ್ತದೆ. ನಗುತ್ತಾ ಬಂದಳೋ ಅಳುತ್ತಾ ಬಂದಳೋ ಹೇಳುವುದಿಲ್ಲ. ಬೇಸಾಯ ಶುರುವಾದ ಮೇಲಿನ ಒಂದು ಸಾಕ್ಷಿ ಮನಸ್ಸು ಕಲಕುತ್ತದೆ. ಜರ್ಮನಿಯ ಕಿಲಿಯನ್‌ಸ್ಟೆಟನ್‌ನಲ್ಲಿ ಸುಮಾರು 7 ಸಾವಿರ ವರ್ಷ ಹಿಂದಿನ ಒಂದು ಗುಂಡಿಯಲ್ಲಿ ಹೊಡೆದು ಕೊಂದ ಕನಿಷ್ಠ 26 ಜನರ ಎಲುಬುಗಳಿವೆ. ಗಂಡಸರಿದ್ದಾರೆ, ಮಕ್ಕಳಿದ್ದಾರೆ, ನಲವತ್ತು ದಾಟಿದ ಹೆಂಗಸರಿದ್ದಾರೆ. ಹರೆಯದ ಹೆಂಗಸರು ಮಾತ್ರ ಇಲ್ಲ. ಅವರನ್ನು ಹಿಡಿದುಕೊಂಡು ಹೋಗಿರಬೇಕು ಎಂದು ಸಂಶೋಧಕರು ಊಹಿಸುತ್ತಾರೆ.

ಹಾಗೆಯೇ ಇನ್ನೊಂದು ಬಗೆಯ ಸಾಕ್ಷಿಯೂ ಇದೆ. ಬೆತ್ಲೆಹೆಮ್ ಹತ್ತಿರದ ಐನ್ ಸಖ್ರಿ ಗವಿಗಳಿಂದ ಬಂದ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಒಂದು ಕಲ್ಲು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಸುಮಾರು 11 ಸಾವಿರ ವರ್ಷ ಹಳೆಯದು. ಹೊಳೆಯಲ್ಲಿ ಉರುಳಿ ನುಣುಪಾದ ಕಲ್ಲನ್ನು ಯಾರೋ ಕುಟ್ಟಿ ಕುಟ್ಟಿ ಇಬ್ಬರು ಅಪ್ಪಿಕೊಂಡು ಕೂತಿರುವ ಹಾಗೆ ಮಾಡಿದ್ದಾರೆ. ಮುಖ ಇಲ್ಲ. ಯಾವುದು ಯಾರ ಕೈ, ಯಾರ ಕಾಲು ಎಂದು ಬಿಡಿಸಿ ಹೇಳಲೂ ಕಷ್ಟ. ಜೋಡಿಯೊಂದು ಕೂಡಿರುವುದನ್ನು ತೋರಿಸುವ, ನಮಗೆ ಸಿಕ್ಕಿರುವ ಅತಿ ಹಳೆಯ ಶಿಲ್ಪ ಇದು. ನನಗಂತೂ ನೂರು ಎಲುಬುಗಳಿಗಿಂತ ಈ ಒಂದು ಕಲ್ಲು ಜಾಸ್ತಿ ಹೇಳುತ್ತದೆ. ಅದನ್ನು ಕೆತ್ತಿದವರಿಗೆ ಅಪ್ಪುಗೆ ಅಂದರೆ ಏನೆಂದು ಗೊತ್ತಿತ್ತು.

ಇಟಲಿಯ ಮಾಂಟುವಾ ಹತ್ತಿರ ವಾಲ್ದಾರೋದಲ್ಲಿ 2007ರಲ್ಲಿ ಸಿಕ್ಕ ಜೋಡಿಯ ಫೋಟೋ ನೀವು ನೋಡಿರಬಹುದು. ಸುಮಾರು 6 ಸಾವಿರ ವರ್ಷ ಹಳೆಯದು. ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ, ಒಬ್ಬ ಹುಡುಗಿ. ಮುಖಕ್ಕೆ ಮುಖ, ಕೈಕಾಲು ಹೆಣೆದುಕೊಂಡಿವೆ. ಪ್ರೇಮಿಗಳು ಎಂದೇ ಜಗತ್ತು ಕರೆಯಿತು. ಆದರೆ ಸತ್ತವರನ್ನು ಹಾಗೆ ಮಲಗಿಸಿದ್ದು ಬದುಕಿದ್ದವರು. ಗೋರಿಯಲ್ಲಿ ಕಾಣುವುದು ಮಲಗಿಸಿದವರ ಮನಸ್ಸು. ಇನ್ನೂ ಒಂದು ವಿಷಯ. ಇಟಲಿಯದೇ ಮೊದೆನಾದಲ್ಲಿ ಕೈ ಕೈ ಹಿಡಿದು ಮಲಗಿದ್ದ ಇನ್ನೊಂದು ಜೋಡಿಯನ್ನೂ, ಅದು ತುಂಬಾ ಈಚಿನದು, ಗಂಡು ಹೆಣ್ಣು ಎಂದೇ ನಂಬಿದ್ದರು. 2019ರಲ್ಲಿ ಪರೀಕ್ಷೆ ಮಾಡಿದಾಗ ಇಬ್ಬರೂ ಗಂಡಸರು ಎಂದು ಗೊತ್ತಾಯಿತು. ಪ್ರೇಮಿಗಳೋ, ಅಣ್ಣತಮ್ಮಂದಿರೋ, ಜೊತೆಯಲ್ಲಿ ಕಾದಾಡಿದವರೋ ಯಾರು ಹೇಳಬೇಕು? ನಾವು ನೋಡಬೇಕೆಂದಿರುವುದೇ ನಮ್ಮ ಕಣ್ಣಿಗೆ ಮೊದಲು ಕಾಣುತ್ತದೆ.

ಜೋಡಿಯಾದ ಮೇಲೆ ನಿಜವಾದ ಕಷ್ಟ. ಬೇಟೆ ಮತ್ತು ಗೆಡ್ಡೆಗೆಣಸಿನ ಮೇಲೆ ಬದುಕುವ ಜನರಲ್ಲಿ ಹುಟ್ಟಿದ ಹತ್ತು ಮಕ್ಕಳಲ್ಲಿ ನಾಲ್ಕೈದು ಮಕ್ಕಳು ಹದಿನೈದು ವರ್ಷ ಮುಟ್ಟುವುದಿಲ್ಲ. ಎರಡು ಹೆರಿಗೆಗಳ ನಡುವೆ ಮೂರು ನಾಲ್ಕು ವರ್ಷದ ಅಂತರ ಇರುತ್ತದೆ. ಮಗು ದೊಡ್ಡವರ ಜೊತೆ ದೂರ ನಡೆಯುವಷ್ಟು ಬೆಳೆಯುವವರೆಗೆ ಅದನ್ನು ಹೊತ್ತೇ ತಿರುಗಬೇಕು.

ಆ ಹೊರುವಿಕೆ ಹೇಗಿತ್ತು ಎಂದು ಮಣ್ಣೇ ಬರೆದಿಟ್ಟಿದೆ. ಅಮೆರಿಕದ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ ಒಣಗಿದ ಕೆರೆಯಂಗಳದ ಮೇಲೆ ಹತ್ತು ಸಾವಿರ ವರ್ಷಕ್ಕೂ ಹಳೆಯ ಹೆಜ್ಜೆ ಗುರುತುಗಳಿವೆ. ಅಲ್ಲಿ ಒಂದು ಸಾಲು ಸುಮಾರು ಒಂದೂವರೆ ಕಿಲೋಮೀಟರ್ ಉದ್ದ. ಹರೆಯದ ಹೆಣ್ಣಿನದು ಅನ್ನಿಸುವ ಚಿಕ್ಕ ಪಾದಗಳು ಕೆಸರಿನಲ್ಲಿ ಜಾರುತ್ತಾ, ಬಿರಬಿರನೆ ನೆಟ್ಟಗೆ ಹೋಗಿವೆ. ನಡುನಡುವೆ ಪಕ್ಕದಲ್ಲಿ ಮೂರು ವರ್ಷದೊಳಗಿನ ಮಗುವಿನ ಪುಟ್ಟ ಪಾದಗಳು ಕಾಣಿಸುತ್ತವೆ, ಮತ್ತೆ ಮಾಯವಾಗುತ್ತವೆ. ಕೈ ಸೋತಾಗ ಇಳಿಸಿದ್ದಾಳೆ, ಮತ್ತೆ ಎತ್ತಿ ಕಂಕುಳಲ್ಲಿ ಕೂರಿಸಿಕೊಂಡಿದ್ದಾಳೆ. ಕೆಲವು ಗಂಟೆ ಬಿಟ್ಟು ಅದೇ ದಾರಿಯಲ್ಲಿ ವಾಪಸ್ ಬಂದಿದ್ದಾಳೆ, ಮಗು ಇಲ್ಲದೆ. ಆ ನಡುವೆ ಅವಳ ಹೆಜ್ಜೆಗಳನ್ನು ಒಂದು ಮ್ಯಾಮತ್, ಸ್ಲಾತ್ ಎಂಬ ಒಂದು ದೈತ್ಯ ಪ್ರಾಣಿ ದಾಟಿ ಹೋಗಿವೆ. ಮಗುವನ್ನು ಯಾರ ಕೈಗೋ ಕೊಟ್ಟು ಬಂದಳು ಎಂದು ನಾನು ಅಂದುಕೊಳ್ಳುತ್ತೇನೆ. ಆ ‘ಯಾರೋ’ ಇದ್ದದ್ದು ಗುಂಪುಗಳ ನಡುವೆ ನಂಟು ಇದ್ದಿದ್ದಕ್ಕೇ ಇರಬೇಕು.

ಕೆಲವರು ಜೋಡಿ ಹುಡುಕಿಕೊಂಡು ಬೇರೆ ಗುಂಪಿಗೆ ಹೋಗಿದ್ದಷ್ಟೇ ಅಲ್ಲ, ಬೇರೆ ಮನುಷ್ಯ ಕವಲಿಗೇ ದಾಟಿದರು. ಮೊದಲು ಹೇಳಿದ ಡೆನಿಸೋವಾ ಗವಿಯಲ್ಲಿ ಹೆಬ್ಬೆರಳ ತುದಿಯಷ್ಟು ದೊಡ್ಡ ಒಂದು ಎಲುಬಿನ ಚೂರು ಸಿಕ್ಕಿತು. ಅದು ಹದಿಮೂರು ವರ್ಷ ದಾಟಿದ್ದ, ಸುಮಾರು 90 ಸಾವಿರ ವರ್ಷ ಹಿಂದಿನ ಒಬ್ಬ ಹುಡುಗಿಯದು. 2018ರಲ್ಲಿ ವಿವಿಯನ್ ಸ್ಲೋನ್ ಮತ್ತು ಅವರ ಜೊತೆಗಾರರು ಡಿಎನ್‌ಎ ಓದಿದಾಗ ಅವರಿಗೇ ನಂಬಲು ಕಷ್ಟವಾಯಿತು. ಅವಳ ಅಮ್ಮ ನಿಯಾಂಡರ್ತಾಲ್. ಅಪ್ಪ ಡೆನಿಸೋವನ್, ಅಂದರೆ ಏಷ್ಯಾದಲ್ಲಿದ್ದ ಮತ್ತೊಂದು ಮನುಷ್ಯ ಕವಲಿನವನು. ಆ ಎರಡು ಕವಲು ಬೇರೆಯಾಗಿದ್ದು ಇವತ್ತಿಗೆ ಸುಮಾರು ನಾಲ್ಕು ಲಕ್ಷ ವರ್ಷಗಳ ಹಿಂದೆ. ಅವರಿಬ್ಬರು ಒಂದು ಕಣಿವೆಯಲ್ಲಿ ಎದುರಾದರು. ಒಂದು ಮಗು ಹುಟ್ಟಿತು, ಹದಿಮೂರು ವರ್ಷದವರೆಗಾದರೂ ಯಾರೋ ಅದನ್ನು ಸಾಕಿದರು.

ನಮ್ಮ ಪೂರ್ವಜರೂ ಹೀಗೇ ಬೆರೆತರು. ಆಫ್ರಿಕಾದಿಂದ ಹೊರಬಂದ ಮೇಲೆ, ಸುಮಾರು 47 ಸಾವಿರ ವರ್ಷಗಳ ಹಿಂದೆ, ನಿಯಾಂಡರ್ತಾಲರ ಜೊತೆ. ಅದರ ಗುರುತು ಇವತ್ತೂ ನಮ್ಮೆಲ್ಲರ ಡಿಎನ್‌ಎಯಲ್ಲಿ ನೂರಕ್ಕೆ ಒಂದೆರಡು ಭಾಗ ಇದೆ. ಕಲಬುರಗಿಯವರಾಗಲಿ, ಮಂಗಳೂರಿನವರಾಗಲಿ, ಇದನ್ನು ಓದುತ್ತಿರುವ ನಿಮ್ಮೊಳಗೂ ಆ ಪಾಲು ಇದೆ.

ಚಗೀರ್ಸ್ಕಾಯಾದ ಹುಡುಗಿಯೂ ಇನ್ನೆರಡು ವರ್ಷಕ್ಕೋ ಮೂರು ವರ್ಷಕ್ಕೋ ಎದ್ದು ಹೊರಡಬೇಕಿತ್ತು. ಅವಳ ಅಮ್ಮನೂ ಬಹುಶಃ ಹಾಗೇ ಬಂದವಳು. ಯಾವ ಕಣಿವೆ, ಯಾರ ಬೆಂಕಿ ಎಂದು ಆ ಅಮ್ಮ ಅವಳಿಗೆ ಹೇಳಿರಲೂಬಹುದು. ಆದರೆ ಆ ಹುಡುಗಿಯ ಎಲುಬು ಸಿಕ್ಕಿದ್ದು ಅಪ್ಪನ ಎಲುಬು ಸಿಕ್ಕ ಗವಿಯಲ್ಲೇ.